ಪಾತ್ರದ ಮನಸ್ಸಿನ ಮಾತು ಎಷ್ಟು ಬರೆಯಬೇಕು, ಹೇಗೆ ಬರೆಯಬೇಕು? ಆನ್‌ಲೈನ್ ರೋಲ್‌ಪ್ಲೇ ಆಡುವವರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಉಡುಪಿಯವನು. 2020ರ ಮಳೆಗಾಲದಲ್ಲಿ ಎಲ್ಲರೂ ಮನೆಯೊಳಗೇ ಬಾಕಿಯಾಗಿದ್ದಾಗ, ನಾವು ಆರು ಜನ ಸೇರಿ ಫೋನಿನಲ್ಲೇ ಕಥೆ ಆಡಲು ಶುರು ಮಾಡಿದೆವು. ಇಬ್ಬರು ಮಂಗಳೂರಿನವರು, ಒಬ್ಬರು ಕುಂದಾಪುರದವರು, ಒಬ್ಬರು ಶಾರ್ಜಾದಲ್ಲಿ ಇದ್ದರು. ಈಗ ಗುಂಪು ದೊಡ್ಡದಾಗಿದೆ. ಹೊಸಬರು ಬಂದ ಕೂಡಲೇ ಜಾಸ್ತಿ ಕೇಳುವುದು ಒಂದೇ ವಿಷಯ. ನನ್ನ ಪಾತ್ರ ಮನಸ್ಸಿನಲ್ಲಿ ಅಂದುಕೊಂಡದ್ದನ್ನು ಬರೆಯಬಹುದಾ, ಬರೆದರೆ ಬೇರೆಯವರಿಗೆ ಬೇಜಾರಾಗುತ್ತದಾ? ಪ್ರತಿ ಸಲ ವಾಯ್ಸ್ ಮೆಸೇಜ್ ಮಾಡಿ ಮಾಡಿ ಸಾಕಾಗಿ ಇದನ್ನು ಬರೆದಿಟ್ಟಿದ್ದೇನೆ.

ಮೊದಲಿಗೆ, ಈ ರೋಲ್‌ಪ್ಲೇ ಅಂದರೆ ಎಂತದು?

ಇಬ್ಬರೋ ನಾಲ್ವರೋ ಸೇರಿ, ಒಬ್ಬೊಬ್ಬರು ಒಂದೊಂದು ಪಾತ್ರ ಹಿಡಿದು, ಸರದಿ ಪ್ರಕಾರ ಬರೆಯುತ್ತಾ ಹೋಗುವ ಕಥೆ. ಮುಂದೆ ಏನಾಗುತ್ತದೆ ಅಂತ ಯಾರಿಗೂ ಪೂರ್ತಿ ಗೊತ್ತಿರುವುದಿಲ್ಲ.

ನಮ್ಮ ಕಡೆಯವರಿಗೆ ಇದನ್ನು ಅರ್ಥ ಮಾಡಿಸುವುದು ಸುಲಭ. ಯಕ್ಷಗಾನದ ತಾಳಮದ್ದಳೆ ನೋಡಿದ್ದೀರಲ್ವಾ? ವೇಷ ಇಲ್ಲ, ಕುಣಿತ ಇಲ್ಲ. ಹಾಡುಗಾರರಾದ ಭಾಗವತರು ಪದ ಹೇಳುತ್ತಾರೆ, ಎದುರೆದುರು ಕೂತ ಅರ್ಥಧಾರಿಗಳು ಆ ಪದದ ಮೇಲೆ ಅಲ್ಲಿಯೇ ಮಾತು ಕಟ್ಟುತ್ತಾರೆ. ಪ್ರಸಂಗ ಗೊತ್ತಿದ್ದರೂ ಮಾತು ಗೊತ್ತಿರುವುದಿಲ್ಲ. ರೋಲ್‌ಪ್ಲೇ ಅಂದರೆ ಕೀಬೋರ್ಡಿನ ತಾಳಮದ್ದಳೆ ಅಂತ ನಾನು ಹೇಳುವುದು. ಭಾಗವತರು ಮಾತ್ರ ಇಲ್ಲ, ಹಾಗಾಗಿ ತಾಳ ತಪ್ಪುವುದೂ ಜಾಸ್ತಿ.

ಯೋಚನೆ ಬರೆಯುವುದೇ ತಪ್ಪಾ? ಕೆಲವರು ಹಾಗೆ ಹೇಳುತ್ತಾರೆ.

ತಪ್ಪಲ್ಲ. ಆದರೆ ಅವರು ಹಾಗೆ ಹೇಳುವುದಕ್ಕೆ ಕಾರಣ ಉಂಟು.

ಕಾದಂಬರಿಯಲ್ಲಿ ಪಾತ್ರಗಳೆಲ್ಲ ಒಬ್ಬರ ಕೈಯಲ್ಲೇ ಇರುತ್ತವೆ. ಒಂದು ಪಾತ್ರ ಮನಸ್ಸಿನಲ್ಲಿ ಇನ್ನೊಂದನ್ನು ಬೈದರೆ ಯಾರಿಗೂ ನೋವಿಲ್ಲ. ರೋಲ್‌ಪ್ಲೇಯಲ್ಲಿ ಹಾಗಲ್ಲ. ಬೈಸಿಕೊಂಡ ಪಾತ್ರದ ಹಿಂದೆ ಒಬ್ಬ ಮನುಷ್ಯ ಇದ್ದಾನೆ. ಅವನು ಅದನ್ನು ಓದುತ್ತಾನೆ. ಅವನ ಪಾತ್ರಕ್ಕೆ ಮಾತ್ರ ಅದು ಕೇಳಿಸುವುದಿಲ್ಲ, ಹಾಗಾಗಿ ಉತ್ತರ ಕೊಡುವ ಹಾಗಿಲ್ಲ. ಕೈ ಕಟ್ಟಿ ಹೊಡೆದ ಹಾಗೆ.

ಈ ಜಗಳ ಹಳೆಯದು. ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ 1978ರಲ್ಲಿ ರಾಯ್ ಟ್ರಬ್‌ಶಾ ಶುರು ಮಾಡಿ ಆಮೇಲೆ ರಿಚರ್ಡ್ ಬಾರ್ಟಲ್ ಬೆಳೆಸಿದ ‘ಮಡ್’ ಎಂಬ ಆಟವೇ ಕಂಪ್ಯೂಟರಿನಲ್ಲಿ ಹಲವರು ಸೇರಿ ಆಡುವ ಈ ಅಕ್ಷರದ ಆಟಗಳಿಗೆ ಅಜ್ಜ. ಅದರ ವಂಶದಲ್ಲಿ ಮುಂದೆ ‘ಮಶ್’ ಎಂಬ ಆಟಗಳು ಬಂದವು. ಅಲ್ಲಿ ಮಾತಿಗೆ ಒಂದು ಆಜ್ಞೆ, ಚಲನೆಗೆ ಇನ್ನೊಂದು. ಪಾತ್ರ ಏನು ಮಾಡಿತು ಅಂತ ತೋರಿಸುವುದನ್ನು ‘ಪೋಸ್’ ಅನ್ನುತ್ತಿದ್ದರು. ಪೋಸಿನ ಒಳಗೆ ಪಾತ್ರದ ಯೋಚನೆಯನ್ನೋ ಹಳೆಯ ನೆನಪನ್ನೋ ತುರುಕಿದರೆ ಅದು ‘ಮೆಟಾಪೋಸ್’. ಕೆಲವರಿಗೆ ಅದು ಇಷ್ಟ, ಕೆಲವರಿಗೆ ಮೈ ಉರಿ. ಕೆಲವು ಮಶ್‌ಗಳಲ್ಲಿ ‘ಥಿಂಕ್’ ಅಂತಲೇ ಒಂದು ಆಜ್ಞೆ ಇದೆ. ಅದನ್ನು ಬಳಸಿದರೆ ಬರೆದದ್ದು ಬರೆದವನ ಪರದೆಯಲ್ಲಿ ಮಾತ್ರ ಕಾಣುತ್ತದೆ, ಬೇರೆ ಯಾರಿಗೂ ಕಾಣುವುದಿಲ್ಲ. ನನಗೆ ಆ ಆಜ್ಞೆಯ ಮೇಲೆ ತುಂಬಾ ಪ್ರೀತಿ. ವಾಟ್ಸಾಪಿನಲ್ಲೂ ಅಂಥದ್ದೊಂದು ಇದ್ದಿದ್ದರೆ ನಮ್ಮ ಊರಿನ ಎಷ್ಟೋ ಫ್ಯಾಮಿಲಿ ಗ್ರೂಪುಗಳು ಉಳಿಯುತ್ತಿದ್ದವು.

ಯಾವ ತರಹದ ಯೋಚನೆ ಕಿರಿಕಿರಿ ಮಾಡುತ್ತದೆ?

ನನ್ನದೇ ಉದಾಹರಣೆ ಕೊಡುತ್ತೇನೆ. ಮೊದಲ ವರ್ಷ ನಾವು ಮಲ್ಪೆ ಬಂದರಿನ ಕಥೆ ಆಡುತ್ತಿದ್ದೆವು. ನನ್ನ ಪಾತ್ರ ಸಂಜೀವ, ಬೋಟಿನ ತಂಡೇಲ, ಅಂದರೆ ಬೋಟು ನಡೆಸುವವ. ಎದುರಿನವರ ಪಾತ್ರ ಲಲಿತ, ಐಸ್ ಪ್ಲಾಂಟಿನಲ್ಲಿ ಲೆಕ್ಕ ಬರೆಯುವವಳು. ನಾನು ಹೀಗೆ ಬರೆದೆ:

“ಲಲಿತ ಬಾಗಿಲಲ್ಲಿ ನಿಂತದ್ದನ್ನು ಸಂಜೀವ ನೋಡಿದ. ಬಂದಳಲ್ಲ ಪುನಃ, ಲೆಕ್ಕದ ಮಹಾರಾಣಿ. ತಲೆಯೊಳಗೆ ಎಂತದೂ ಇಲ್ಲ, ಬಾಯಿ ಮಾತ್ರ ಬಂದರಿನಷ್ಟು ಅಗಲ. ‘ಬನ್ನಿ, ಕೂತುಕೊಳ್ಳಿ’ ಅಂದ.”

ಬರೆದಾಗ ನನಗೆ ಬಹಳ ಖುಷಿಯಾಗಿತ್ತು. ಮೂರು ದಿನ ಉತ್ತರ ಬರಲಿಲ್ಲ. ನಾಲ್ಕನೇ ದಿನ ಲಲಿತಳನ್ನು ಬರೆಯುವವರು ನನಗೆ ಪ್ರತ್ಯೇಕ ಮೆಸೇಜ್ ಹಾಕಿದರು: “ಸಂಜೀವ ಬೈದದ್ದು ಲಲಿತಗೆ ಕೇಳಿಸಲಿಲ್ಲ. ನನಗೆ ಕೇಳಿಸಿತು.”

ಆಮೇಲೆ ಕೂತು ನೋಡಿದೆ. ನನ್ನ ಪೋಸ್ಟಿನಲ್ಲಿ ಲಲಿತಗೆ ಸಿಕ್ಕಿದ್ದು ಏನು? “ಬನ್ನಿ, ಕೂತುಕೊಳ್ಳಿ” ಅಷ್ಟೇ. ಅದಕ್ಕೆ ಅವರು ಬರೆಯಬಹುದಾದದ್ದು “ಲಲಿತ ಕೂತಳು” ಅಂತ. ಉಳಿದದ್ದೆಲ್ಲ ನಾನು ಅವರ ಮುಖಕ್ಕೆ ಹೇಳಿ, ಆಮೇಲೆ ‘ನೀವು ಕೇಳಿಸಿಕೊಳ್ಳಲಿಲ್ಲ ಅಲ್ವಾ’ ಅಂದ ಹಾಗೆ. ತಿದ್ದಿ ಬರೆದದ್ದು ಹೀಗೆ:

“ಲಲಿತ ಬಾಗಿಲಲ್ಲಿ ನಿಂತದ್ದನ್ನು ಸಂಜೀವ ನೋಡಿದ. ಬಲೆ ಹೆಣೆಯುತ್ತಿದ್ದ ಕೈ ನಿಲ್ಲಿಸಲಿಲ್ಲ. ಹೋದ ತಿಂಗಳ ಐಸಿನ ಬಾಕಿ ಕೇಳಲಿಕ್ಕೇ ಬಂದದ್ದು ಇವಳು ಅಂತ ಅವನಿಗೆ ಗೊತ್ತಿತ್ತು. ‘ಬನ್ನಿ, ಕೂತುಕೊಳ್ಳಿ’ ಅಂದ. ಕೂತುಕೊಳ್ಳಲು ಅಲ್ಲಿ ಏನೂ ಇರಲಿಲ್ಲ.”

ಇದರಲ್ಲೂ ಯೋಚನೆ ಇದೆ, ಬಾಕಿಯ ವಿಷಯ. ಸಂಜೀವನಿಗೆ ಲಲಿತಳನ್ನು ಕಂಡರೆ ಆಗುವುದಿಲ್ಲ ಅನ್ನುವುದೂ ಇದೆ. ಆದರೆ ಈಗ ಲಲಿತಗೆ ಹಿಡಿಯಲು ನಾಲ್ಕು ಕೊಂಬೆ ಸಿಕ್ಕಿತು. ಅವನು ಕೈ ನಿಲ್ಲಿಸಲಿಲ್ಲ ಅಂತ ಅವಳು ಗಮನಿಸಬಹುದು. ಕೂರಲು ಜಾಗ ಇಲ್ಲ ಅಂತ ನಗಬಹುದು. ಬಲೆಯ ಮೇಲೆಯೇ ಕೂತುಬಿಡಬಹುದು. ನಿಜಕ್ಕೂ ಅವರು ಹಾಗೇ ಬರೆದರು. ಬಲೆಯ ಮೇಲೆ ಕೂತು, ಚೀಲದಿಂದ ಲೆಕ್ಕದ ಪುಸ್ತಕ ತೆಗೆದಳು. ಆ ದೃಶ್ಯ ಎರಡು ವಾರ ನಡೆಯಿತು.

ಹಾಗಾದರೆ ಕಳಿಸುವ ಮೊದಲು ಏನು ನೋಡಿಕೊಳ್ಳಬೇಕು?

ಯೋಚನೆಯ ಸಾಲುಗಳನ್ನು ಬೆರಳಿನಿಂದ ಮುಚ್ಚಿ ಪೋಸ್ಟನ್ನು ಪುನಃ ಓದಿ. ಉಳಿದದ್ದರಲ್ಲಿ ಎದುರಿನವರು ಹಿಡಿದುಕೊಳ್ಳುವಂಥದ್ದು ಏನಾದರೂ ಉಂಟಾ? ಒಂದು ಮಾತು, ಒಂದು ಚಲನೆ, ಮುಖದ ಒಂದು ಬದಲಾವಣೆ? ಇದ್ದರೆ ಧೈರ್ಯವಾಗಿ ಕಳಿಸಿ. ಇಲ್ಲದಿದ್ದರೆ ನೀವು ಬರೆದದ್ದು ಕಥೆಯಲ್ಲ, ಡೈರಿ.

ಎದುರಿನವರ ಯೋಚನೆಯನ್ನು ನಾನು ಓದಿದ್ದೇನೆ. ನನ್ನ ಪಾತ್ರ ಅದನ್ನು ತಿಳಿದ ಹಾಗೆ ಆಡಬಹುದಾ?

ಬೇಡ. ಇದಕ್ಕೆ ಆಟಗಾರರು ‘ಮೆಟಾಗೇಮಿಂಗ್’ ಅನ್ನುತ್ತಾರೆ. ನಿಮಗೆ ಗೊತ್ತಿರುವುದನ್ನೆಲ್ಲ ಪಾತ್ರದ ತಲೆಗೆ ಸುರಿಯುವುದು.

ಪುನಃ ತಾಳಮದ್ದಳೆಗೇ ಬರುತ್ತೇನೆ. ಮೊದಲು ಬರುವ ಪಾತ್ರ ಪೀಠಿಕೆ ಹೇಳುತ್ತದೆ. ತಾನು ಯಾರು, ಈಗ ಮನಸ್ಸಿನಲ್ಲಿ ಏನು ಓಡುತ್ತಿದೆ, ಯಾವ ಸಂಕಟದಲ್ಲಿ ಇದ್ದೇನೆ ಎಲ್ಲ. ಕೆಲವು ಸಲ ಅರ್ಧ ಗಂಟೆ. ಎದುರು ಕೂತ ಅರ್ಥಧಾರಿ ಅದನ್ನು ಒಂದಕ್ಷರ ಬಿಡದೆ ಕೇಳಿರುತ್ತಾರೆ. ಆದರೆ ಅವರ ಪಾತ್ರ ಆಗ ಅಲ್ಲಿ ಇರಲೇ ಇಲ್ಲ! ವಾಲಿ ತನ್ನಷ್ಟಕ್ಕೆ ಹೇಳಿಕೊಂಡದ್ದನ್ನು ರಾಮ ಬಂದು ‘ನೀನು ಆಗ ಹೀಗೆ ಹೇಳಿದೆಯಲ್ಲ’ ಅಂದರೆ ಆಟ ಕೆಡುತ್ತದೆ. ಒಳ್ಳೆಯ ಅರ್ಥಧಾರಿ ಮಾಡುವುದು ಬೇರೆ. ಪೀಠಿಕೆಯಲ್ಲಿ ಕೇಳಿದ ಸಂಕಟವನ್ನು ಮನಸ್ಸಿನಲ್ಲಿಟ್ಟುಕೊಂಡು, ಆ ಸಂಕಟ ಮಾತಿಗೆ ಬರುವಂಥ ಪ್ರಶ್ನೆ ಕೇಳುತ್ತಾರೆ. ಪಾತ್ರಕ್ಕೆ ಗೊತ್ತಿಲ್ಲ, ಕಲಾವಿದನಿಗೆ ಗೊತ್ತಿದೆ. ಹೆಸರಾಂತ ಅರ್ಥಧಾರಿ ಶೇಣಿ ಗೋಪಾಲಕೃಷ್ಣ ಭಟ್ಟರ ಅರ್ಥವನ್ನು ಹಳೆಯ ಕ್ಯಾಸೆಟ್ಟಿನಲ್ಲಿ ಕೇಳಿದವರಿಗೆ ನಾನು ಹೇಳುವುದು ಗೊತ್ತಾಗುತ್ತದೆ. ಎದುರಾಳಿಗೆ ಮಾತಾಡಲು ದಾರಿ ತೆರೆದು, ಆಮೇಲೆ ಆ ದಾರಿಗೆ ಅಡ್ಡ ನಿಲ್ಲುವ ಕ್ರಮ.

ನೀವೂ ಹಾಗೆ ಮಾಡಬಹುದು. ಸಂಜೀವನಿಗೆ ಸಾಲದ ಹೆದರಿಕೆ ಇದೆ ಅಂತ ಅವನ ಯೋಚನೆಯಲ್ಲಿ ಓದಿದ್ದೀರಿ. ಲಲಿತ “ನಿಮಗೆ ಸಾಲದ ಹೆದರಿಕೆ ಅಲ್ವಾ?” ಅನ್ನಬಾರದು. “ಈ ಸಲ ಬೋಟಿಗೆ ಬಣ್ಣ ಹೊಡೆಸಲಿಲ್ಲವಾ?” ಅಂತ ಕೇಳಬಹುದು. ಅದು ಮೋಸ ಅಲ್ಲ, ಅದು ಜೊತೆಗಾರಿಕೆ. ಇದಕ್ಕೋಸ್ಕರವೇ ನಾನು ಯೋಚನೆ ಬರೆಯಿರಿ ಅನ್ನುವುದು. ಯೋಚನೆ ಪಾತ್ರಕ್ಕಲ್ಲ, ಎದುರಿಗೆ ಕೂತು ಬರೆಯುವವರಿಗೆ ಕೊಟ್ಟ ಸೂಚನೆ.

ಎದುರಿನವರ ಪಾತ್ರಕ್ಕೆ ಏನನ್ನಿಸಿತು ಅಂತ ನಾನೇ ಬರೆಯಬಹುದಾ?

ಇಲ್ಲವೇ ಇಲ್ಲ. “ಅವನ ದನಿ ಕೇಳಿ ಲಲಿತಗೆ ಹೆದರಿಕೆಯಾಯಿತು” ಅಂತ ಸಂಜೀವನ ಪೋಸ್ಟಿನಲ್ಲಿ ಬಂದರೆ ಅದು ಇನ್ನೊಬ್ಬರ ಮನೆಯ ಅಡುಗೆ ಕೋಣೆಗೆ ಹೋಗಿ ಡಬ್ಬ ತೆರೆದ ಹಾಗೆ. “ಲಲಿತ ಹೆದರಿದ ಹಾಗೆ ಅವನಿಗೆ ಕಂಡಿತು” ಅನ್ನಿ. ಕಂಡದ್ದು ಅವನಿಗೆ. ಸರಿಯೋ ತಪ್ಪೋ ಅವರು ಹೇಳಲಿ. ತಪ್ಪಾಗಿದ್ದರೆ ಕಥೆ ಇನ್ನೂ ಚೆಂದ.

ಮನಸ್ಸು ಓದುವ ಶಕ್ತಿ ಇರುವ ಪಾತ್ರ ಇದ್ದರೆ?

ಮೊದಲೇ ಕೇಳಿಕೊಳ್ಳಿ. ಎಷ್ಟು ಓದಬಹುದು, ಯಾವುದನ್ನು ಓದಬಾರದು ಅಂತ. ಏನು ಕೇಳಿಸಿತು ಅನ್ನುವುದನ್ನು ಓದಿಸಿಕೊಂಡವರೇ ಬರೆಯಬೇಕು. ಒಪ್ಪಿಗೆ ಇಲ್ಲದಿದ್ದರೆ ಆ ಶಕ್ತಿಗೆ ಆವತ್ತು ನೆಗಡಿಯಾಗಿದೆ ಅಂತ ಇಟ್ಟುಕೊಳ್ಳಿ.

ಯೋಚನೆಯನ್ನು ಹೇಗೆ ಗುರುತಿಸುವುದು? ಇಟಾಲಿಕ್ ಹಾಕಬೇಕಾ?

ಇಂಗ್ಲಿಷಿನಲ್ಲಿ ಆಡುವವರು ಯೋಚನೆಯನ್ನು ಓರೆ ಅಕ್ಷರದಲ್ಲಿ ಹಾಕುತ್ತಾರೆ. ಹೊಸಬರು ಅದನ್ನೇ ಕನ್ನಡಕ್ಕೂ ತರುತ್ತಾರೆ. ನನ್ನ ಅಭಿಪ್ರಾಯದಲ್ಲಿ ಬೇಡ. ಕನ್ನಡ ಲಿಪಿಗೆ ಓರೆ ಅಕ್ಷರದ ಸಂಪ್ರದಾಯವೇ ಇಲ್ಲ. ಫೋನು ಸಾದಾ ಅಕ್ಷರವನ್ನೇ ಹಿಡಿದು ಬಗ್ಗಿಸುತ್ತದೆ, ಅಷ್ಟೇ. ಗಾಳಿಗೆ ಬಿದ್ದ ಬಾಳೆಗಿಡದ ಹಾಗೆ ಕಾಣುತ್ತದೆ, ಕೆಲವು ಫೋನುಗಳಲ್ಲಿ ಬಗ್ಗಿದ್ದೇ ಗೊತ್ತಾಗುವುದಿಲ್ಲ. ಒತ್ತಕ್ಷರ ಇದ್ದರಂತೂ ಓದುವುದು ಕಷ್ಟ.

ಇನ್ನೊಂದು ತಾಪತ್ರಯ ಇದೆ. ಡಿಸ್ಕಾರ್ಡ್ ಎಂಬ ಚಾಟ್ ಆಪಿನಲ್ಲಿ ಪದದ ಎರಡೂ ಬದಿಗೆ ಒಂದೊಂದು ನಕ್ಷತ್ರ ಚಿಹ್ನೆ ಹಾಕಿದರೆ ಅಕ್ಷರ ಓರೆಯಾಗುತ್ತದೆ. ಅದೇ ವಾಟ್ಸಾಪಿನಲ್ಲಿ ದಪ್ಪವಾಗುತ್ತದೆ, ಓರೆಗೆ ಅಲ್ಲಿ ಕೆಳಗೆರೆ ಹಾಕಬೇಕು. ಡಿಸ್ಕಾರ್ಡಿನಲ್ಲಿ ಬರೆದದ್ದನ್ನು ವಾಟ್ಸಾಪಿಗೆ ತಂದು ಹಾಕಿದ ನಮ್ಮ ಒಬ್ಬರ ಪಾತ್ರ ಒಂದು ಇಡೀ ಸಂಜೆ ಮೆಲ್ಲಗೆ ಯೋಚಿಸುವ ಬದಲು ದಪ್ಪ ಅಕ್ಷರದಲ್ಲಿ ಬೊಬ್ಬೆ ಹಾಕಿತು. ಅವರಿಗೆ ಮರುದಿನವೇ ಗೊತ್ತಾದದ್ದು.

ನಾವು ಈಗ ಮಾಡುವುದು ಇಷ್ಟೇ. ಮಾತಿಗೆ ಜೋಡಿ ಉದ್ಧರಣ ಚಿಹ್ನೆ. ಯೋಚನೆಗೆ ಒಂಟಿ ಚಿಹ್ನೆ, ಅಥವಾ ಚಿಹ್ನೆಯೇ ಇಲ್ಲದೆ ವಾಕ್ಯದಲ್ಲೇ ಬರುವ ಹಾಗೆ. ಈ ಕಾಗದದಲ್ಲಿ ಇಡೀ ಪೋಸ್ಟಿಗೆ ಜೋಡಿ ಚಿಹ್ನೆ ಹಾಕಿದ್ದರಿಂದ ಒಳಗಿನ ಮಾತಿಗೆ ಒಂಟಿ ಬಂದಿದೆ, ಅದನ್ನು ನೋಡಿ ತಲೆ ಕೆಡಿಸಿಕೊಳ್ಳಬೇಡಿ. ಆಟದಿಂದ ಹೊರಗೆ ಬಂದು ನೀವೇ ಮಾತಾಡುವಾಗ ಆವರಣ ಚಿಹ್ನೆ. ಯಾವುದನ್ನು ಆರಿಸಿದರೂ ಎಲ್ಲರೂ ಅದನ್ನೇ ಹಿಡಿಯಬೇಕು.

ಚಿಹ್ನೆ ಇಲ್ಲದಿದ್ದರೆ ಯೋಚನೆ ಅಂತ ಗೊತ್ತಾಗುವುದು ಹೇಗೆ?

ಕನ್ನಡದ ಕ್ರಿಯಾಪದ ಇರುವುದು ಎಂತಕ್ಕೆ ಮಾರಾಯ್ರೆ! ಇಂಗ್ಲಿಷಿಗೆ ಓರೆ ಅಕ್ಷರ ಬೇಕು, ನಮಗೆ ‘ಕೊಳ್ಳು’ ಸಾಕು.

“ಅಂದ” ಅಂದರೆ ಬಾಯಿಬಿಟ್ಟು ಹೇಳಿದ. “ಅಂದುಕೊಂಡ” ಅಂದರೆ ಮನಸ್ಸಿನಲ್ಲಿ. “ನಕ್ಕ” ಎಲ್ಲರಿಗೂ ಕಾಣುತ್ತದೆ, “ಮನಸ್ಸಿನಲ್ಲೇ ನಕ್ಕ” ಯಾರಿಗೂ ಕಾಣುವುದಿಲ್ಲ. “ಹೇಳಿದ” ಮತ್ತು “ಹೇಳಿಕೊಂಡ” ನೋಡಿ. “ಹೇಳಿಕೊಂಡ” ಸ್ವಲ್ಪ ಅಪಾಯದ ಪದ. ತನ್ನಷ್ಟಕ್ಕೆ ಹೇಳಿಕೊಂಡನಾ, ಯಾರ ಹತ್ತಿರವೋ ಕಷ್ಟ ಹೇಳಿಕೊಂಡನಾ? “ಗೊಣಗಿಕೊಂಡ” ಅದಕ್ಕಿಂತ ಅಪಾಯ. ಗೊಣಗಿದ್ದು ಪಕ್ಕದವರಿಗೆ ಕೇಳಿಸಿರಬಹುದು. ನಮ್ಮಲ್ಲಿ ಈ ಒಂದು ಪದಕ್ಕೆ ದೊಡ್ಡ ಚರ್ಚೆ ನಡೆದಿದೆ. ಗೊಣಗಿದರೆ ಕೇಳಿಸಿತು ಅಂತಲೇ ಲೆಕ್ಕ ಅಂತ ಕೊನೆಗೆ ತೀರ್ಮಾನವಾಯಿತು. ಕೇಳಿಸಬಾರದು ಅಂತಿದ್ದರೆ ಗೊಣಗಬೇಡಿ.

ಇನ್ನೊಂದು “ಅನ್ನಿಸಿತು”. “ಅವನು ಅಂದುಕೊಂಡ” ಅಂದರೆ ಅವನು ಬೇಕು ಅಂತಲೇ ಯೋಚಿಸಿದ. “ಅವನಿಗೆ ಅನ್ನಿಸಿತು” ಅಂದರೆ ಯೋಚನೆ ತಾನಾಗಿ ಬಂತು, ಅವನ ಕೈಯಲ್ಲಿ ಇರಲಿಲ್ಲ. ಈ ವ್ಯತ್ಯಾಸ ರೋಲ್‌ಪ್ಲೇಯಲ್ಲಿ ಬಹಳ ಉಪಯೋಗಕ್ಕೆ ಬರುತ್ತದೆ. “ಇವಳು ಸುಳ್ಳಿ ಅಂದುಕೊಂಡ” ಅಂತ ಬರೆದರೆ ತೀರ್ಪು ಕೊಟ್ಟ ಹಾಗೆ. “ಇವಳು ಏನೋ ಮುಚ್ಚಿಡುತ್ತಿದ್ದಾಳೆ ಅಂತ ಅವನಿಗೆ ಅನ್ನಿಸಿತು” ಅಂದರೆ ಬಾಗಿಲು ಸ್ವಲ್ಪ ತೆರೆದೇ ಇದೆ. ಎದುರಿನವರು ಒಳಗೆ ಬರಬಹುದು.

ಹಾಗೆಯೇ ‘ಅಂತ’ ಅನ್ನುವ ಪುಟ್ಟ ಪದ. “ಮಳೆ ನಿಲ್ಲುವುದಿಲ್ಲ ಅಂತ ಅವನು ಕೊಡೆ ಬಿಡಿಸಿದ.” ಇಲ್ಲಿ ಯೋಚನೆ, ಚಲನೆ ಎರಡೂ ಒಂದೇ ಉಸಿರಿನಲ್ಲಿ ಬಂತು. ಕೊಡೆ ಬಿಡಿಸಿದ್ದು ಎದುರಿನವರಿಗೆ ಕಾಣುತ್ತದೆ. ಇಂಥ ವಾಕ್ಯ ಬರೆಯಲು ಕಲಿತರೆ ಈ ಪುಟದ ಅರ್ಧ ಪ್ರಶ್ನೆ ಏಳುವುದೇ ಇಲ್ಲ.

ಮಾತಿನಲ್ಲಿ ‘ನೀವು’ ಅನ್ನುವ ಪಾತ್ರ ಮನಸ್ಸಿನಲ್ಲಿ ‘ಇವ’ ಅನ್ನಬಹುದಾ?

ಅನ್ನಬಹುದು, ಅದರಲ್ಲೇ ಮಜಾ ಇರುವುದು. ಬಾಯಲ್ಲಿ “ಸರ್, ನೀವು ಹೇಳಿದ ಹಾಗೆ” ಅಂತ, ಮನಸ್ಸಿನಲ್ಲಿ ‘ಇವನಿಗೆ ಎಂತ ಗೊತ್ತುಂಟು’ ಅಂತ. ಬೈಗುಳವೇ ಬೇಡ, ಸರ್ವನಾಮ ಬದಲಾದರೆ ಸಾಕು, ಓದುವವರಿಗೆ ಎಲ್ಲ ಗೊತ್ತಾಗುತ್ತದೆ. ಇದರ ಉಲ್ಟಾ ಇನ್ನೂ ಚೆಂದ. ಎಲ್ಲರೆದುರು ಅತ್ತೆಯನ್ನು ಏಕವಚನದಲ್ಲಿ ದಬಾಯಿಸುವ ಸೊಸೆ ಮನಸ್ಸಿನಲ್ಲಿ ‘ಇವರು ಊಟ ಮಾಡಿದರೋ ಇಲ್ಲವೋ’ ಅಂದುಕೊಂಡರೆ ಹೇಗೆ? ಆ ‘ರು’ ಒಂದು ಅಕ್ಷರದಲ್ಲಿ ಸೊಸೆ ಇಡೀ ಬದಲಾಗಿಬಿಟ್ಟಳು.

ಆದರೆ ನಿರೂಪಣೆಯಲ್ಲಿ ಜಾಗ್ರತೆ. ಎದುರಿನವರ ಪಾತ್ರ ವಯಸ್ಸಾದ ಭಟ್ಟರು, ಅವರು ಬರೆಯುವಾಗ “ಭಟ್ಟರು ಬಂದರು” ಅನ್ನುತ್ತಿದ್ದಾರೆ. ನೀವು ನಿಮ್ಮ ಪೋಸ್ಟಿನಲ್ಲಿ “ಭಟ್ಟ ಬಂದ” ಅಂದರೆ ಅದು ಪಾತ್ರದ ಯೋಚನೆ ಅಲ್ಲ, ನಿಮ್ಮದೇ ಮರ್ಯಾದೆಗೇಡು ಅಂತ ಅವರಿಗೆ ಕಾಣುತ್ತದೆ.

ನನ್ನ ಪಾತ್ರ ಮಾತಾಡುವುದು ಕನ್ನಡ, ಯೋಚಿಸುವುದು ತುಳುವಿನಲ್ಲಿ. ಹೇಗೆ ಬರೆಯಲಿ?

ಮಂಗಳೂರಿನಲ್ಲಿ ಇದು ಕಥೆಯಲ್ಲ, ದಿನದ ಬದುಕು. ಹಂಪನಕಟ್ಟೆಯಲ್ಲಿ ಬಸ್ಸು ಹತ್ತುವ ಅರ್ಧ ಜನ ಒಂದು ಭಾಷೆಯಲ್ಲಿ ಯೋಚಿಸಿ ಇನ್ನೊಂದರಲ್ಲಿ ಟಿಕೆಟ್ ಕೇಳುತ್ತಾರೆ. ಕೊಂಕಣಿಯವರೂ ಬ್ಯಾರಿ ಮಾತಾಡುವವರೂ ಅದನ್ನೇ ಮಾಡುವುದು. ಹಾಗಾಗಿ ‘ಉಂದು ಎಂಚಿನ’ (ಇದೆಂತದು) ಅಂತಲೋ ‘ಎಂಕ್ ಗೊತ್ತುಜ್ಜಿ’ (ನನಗೆ ಗೊತ್ತಿಲ್ಲ) ಅಂತಲೋ ಒಂದು ತುಂಡು ಸಾಲು ಹಾಕಿ. ಜೀವ ಬರುತ್ತದೆ.

ಉದ್ದ ಯೋಚನೆಯನ್ನು ಮಾತ್ರ ಕನ್ನಡದಲ್ಲೇ ಬರೆಯಿರಿ. ನಮ್ಮ ಗುಂಪಿನಲ್ಲಿ ಘಟ್ಟದ ಮೇಲಿನವರು ಮೂವರು ಇದ್ದಾರೆ. ಮೂರು ಸಾಲು ತುಳು ಬಂದರೆ ಅವರಿಗೆ ಅದು ಬರೀ ಶಬ್ದ. ಅದಕ್ಕಿಂತ ಮುಖ್ಯ, ಅವರಿಗೆ ಅರ್ಥ ಆಗುವುದಿಲ್ಲ ಅಂತ ಗೊತ್ತಿದ್ದೇ ಅವರ ಪಾತ್ರವನ್ನು ತುಳುವಿನಲ್ಲಿ ತಮಾಷೆ ಮಾಡುವುದು ಬೇಡ. ಆಗಿದೆ ಹಾಗೆ. ಒಬ್ಬರು ಆಫೀಸಿನ ಗೆಳೆಯರ ಹತ್ತಿರ ಓದಿಸಿ ಅರ್ಥ ತಿಳಿದುಕೊಂಡರು. ಆಮೇಲೆ ಗುಂಪಿನಲ್ಲಿ ಒಂದು ವಾರ ಯಾರೂ ಯಾರ ಹತ್ತಿರವೂ ಸರಿಯಾಗಿ ಮಾತಾಡಲಿಲ್ಲ.

ಎಷ್ಟು ಉದ್ದ ಇರಬಹುದು?

ಡಿಸ್ಕಾರ್ಡಿನಲ್ಲಿ ಸಾಮಾನ್ಯ ಖಾತೆಗೆ ಒಂದು ಮೆಸೇಜಿಗೆ 2000 ಅಕ್ಷರದ ಮಿತಿ ಇದೆ. ಕನ್ನಡದ ಕಾಗುಣಿತ, ಒತ್ತು ಎಲ್ಲ ಪ್ರತ್ಯೇಕವಾಗಿ ಲೆಕ್ಕಕ್ಕೆ ಬರುವುದರಿಂದ ನಮಗೆ ಅದು ಬೇಗ ಮುಗಿಯುತ್ತದೆ. ‘ಸ್ತ್ರೀ’ ಕಣ್ಣಿಗೆ ಒಂದೇ ಅಕ್ಷರ, ಯಂತ್ರಕ್ಕೆ ಆರು. ನನ್ನ ಅಂದಾಜು, ಪೋಸ್ಟಿನಲ್ಲಿ ಯೋಚನೆ ನಾಲ್ಕನೇ ಒಂದು ಪಾಲು ದಾಟಬಾರದು. ಒಬ್ಬರೇ ಇರುವ ದೃಶ್ಯ ಆದರೆ, ಉದಾಹರಣೆಗೆ ಕಡಲ ದಂಡೆಯಲ್ಲಿ ಪಾತ್ರ ಒಂಟಿಯಾಗಿ ಕೂತಿದೆ, ಎಷ್ಟು ಬೇಕಾದರೂ ಬರೆಯಿರಿ. ಯಾರೂ ಕಾಯುತ್ತಿಲ್ಲ.

ಜಗಳದ ದೃಶ್ಯದಲ್ಲಿ ಚಿಕ್ಕದು ಮಾಡಿ. ಕಪಾಳಕ್ಕೆ ಹೊಡೆಯಲು ಎತ್ತಿದ ಕೈ ಗಾಳಿಯಲ್ಲೇ ನಿಂತು, ಪಾತ್ರ ತನ್ನ ಬಾಲ್ಯ ಪೂರ್ತಿ ನೆನಪಿಸಿಕೊಂಡು ವಾಪಸ್ಸು ಬರುವಷ್ಟರಲ್ಲಿ ಎದುರಿನವರು ಬನ್ಸ್ ತಿಂದು ಚಹಾ ಕುಡಿದು ಮುಗಿಸಿರುತ್ತಾರೆ.

ರಹಸ್ಯ ಇರುವ ಪಾತ್ರ. ಯೋಚನೆ ಬರೆದರೆ ಗುಟ್ಟು ರಟ್ಟಾಗುತ್ತದೆ, ಬರೆಯದಿದ್ದರೆ ಮೋಸ ಮಾಡಿದ ಹಾಗೆ ಅನ್ನಿಸುತ್ತದೆ.

ಕಥೆಯಲ್ಲಿ ಕೊಲೆಗಾರ ನೀವೇ ಆಗಿದ್ದರೆ ಗುಟ್ಟು ಬರೆಯಬೇಕಾಗಿಲ್ಲ. ಆದರೆ ಸುಳ್ಳು ಯೋಚನೆ ಬರೆಯಬಾರದು. ‘ಪಾಪ, ಯಾರು ಕೊಂದರೋ’ ಅಂತ ಕೊಲೆಗಾರನೇ ಅಂದುಕೊಂಡ ಅಂತ ಬರೆದರೆ ಅದು ಓದುವವರಿಗೆ ಮಾಡಿದ ಮೋಸ. ಬಾಯಲ್ಲಿ ಎಷ್ಟು ಬೇಕಾದರೂ ಸುಳ್ಳು ಹೇಳಿಸಿ, ಮನಸ್ಸಿನಲ್ಲಿ ಬೇಡ. ಯೋಚನೆಯನ್ನೇ ಬಿಟ್ಟುಬಿಡಿ.

ಒಬ್ಬರಿಗೆ ಮಾತ್ರ ಹೇಳಬೇಕಾದರೆ ಪ್ರತ್ಯೇಕ ಮೆಸೇಜ್ ಇದೆ. ಹಳೆಯ ಸಂಸ್ಕೃತ ನಾಟಕದವರಿಗೂ ಇದೇ ತಲೆಬಿಸಿ ಇತ್ತು. ಸ್ವಗತ ಅಂದರೆ ಪ್ರೇಕ್ಷಕರಿಗೆ ಮಾತ್ರ. ಜನಾಂತಿಕ ಅಂದರೆ ರಂಗದಲ್ಲಿ ನಾಲ್ಕು ಜನ ಇದ್ದರೂ ಒಬ್ಬರಿಗೆ ಮಾತ್ರ ಕೇಳಿಸುವ ಮಾತು. ಆಗ ನಟ ಕೈಯಲ್ಲಿ ತ್ರಿಪತಾಕ ಮುದ್ರೆ ಹಿಡಿಯುತ್ತಿದ್ದ, ಉಂಗುರ ಬೆರಳು ಬಗ್ಗಿಸಿ ಉಳಿದದ್ದು ನೆಟ್ಟಗೆ. ಆ ಕೈ ಕಂಡರೆ ಬೇರೆ ಪಾತ್ರಗಳು ಕಿವುಡು ಅಂತ ಎಲ್ಲರೂ ಒಪ್ಪಿಕೊಂಡಿದ್ದರು. ಡಿಸ್ಕಾರ್ಡಿನಲ್ಲಿ ಎರಡೆರಡು ಲಂಬ ಗೆರೆ ಹಾಕಿದರೆ ಸಾಲು ಮುಚ್ಚಿಕೊಳ್ಳುತ್ತದೆ, ಮುಟ್ಟಿದವರಿಗೆ ಮಾತ್ರ ಕಾಣುತ್ತದೆ. ನಮ್ಮವರು ಅದನ್ನೇ ‘ಮುದ್ರೆ ಹಾಕುವುದು’ ಅನ್ನುತ್ತಾರೆ. ಕುತೂಹಲ ತಡೆಯಲಾಗದವರು ಮುಟ್ಟಿಯೇ ಮುಟ್ಟುತ್ತಾರೆ, ಹಾಗಾಗಿ ನಿಜವಾದ ಗುಟ್ಟನ್ನು ಅಲ್ಲಿ ಇಡಬೇಡಿ.

ಪ್ರೀತಿಯ ದೃಶ್ಯದಲ್ಲಿ?

ಎದುರಿನವರ ಪಾತ್ರದ ಮೈ ಬಗ್ಗೆ ನಿಮ್ಮ ಪಾತ್ರ ಏನೇನೋ ಅಂದುಕೊಂಡದ್ದನ್ನು ಕೇಳದೆ ಬರೆಯಬೇಡಿ. ‘ಬರೀ ಯೋಚನೆ ಅಲ್ವಾ’ ಅನ್ನುವ ಮಾತು ನಡೆಯುವುದಿಲ್ಲ, ಓದುವವರು ನಿಜವಾದ ಮನುಷ್ಯರು. ಗುಂಪಿನಲ್ಲಿ 18 ತುಂಬದವರು ಇದ್ದರೆ ಆ ದಾರಿಗೇ ಹೋಗಬಾರದು.

ದೈವ ಅಥವಾ ದೇವರ ಪಾತ್ರದ ಮನಸ್ಸಿನೊಳಗೆ ಹೋಗಬಹುದಾ?

ನಾವು ಹೋಗುವುದಿಲ್ಲ. ಪ್ರಸಂಗದ ರಾಮ, ಕೃಷ್ಣ ಎಲ್ಲರೂ ಮನಸ್ಸು ಬಿಚ್ಚಿ ಮಾತಾಡುವುದನ್ನು ಕೇಳಿಯೇ ಬೆಳೆದವರು ನಾವು, ಅದು ಬೇರೆ. ದೈವ ಇಲ್ಲಿಯ ಮನೆಮನೆಯ ನಂಬಿಕೆ. ಕಥೆಯಲ್ಲಿ ಕೋಲ ಬರಬಹುದು, ನೋಡುವವರ ಮನಸ್ಸಿನಲ್ಲಿ ಏನಾಯಿತು ಅಂತ ಬರೆಯಬಹುದು. ಅಲ್ಲಿಗೆ ನಿಲ್ಲಿಸುತ್ತೇವೆ.

ಎದುರಿನ ಆಟಗಾರರ ಮೇಲೆ ನಿಜವಾಗಿ ಸಿಟ್ಟು ಬಂದಿದೆ. ಪಾತ್ರದ ಮೂಲಕ ಹೇಳಿದರೆ?

ಹೇಳಬೇಡಿ. ‘ಇವನು ಯಾವಾಗಲೂ ತಡ, ಯಾವಾಗಲೂ ನೆಪ’ ಅಂತ ಸಂಜೀವ ಅಂದುಕೊಂಡದ್ದು, ಪೋಸ್ಟ್ ತಡವಾಗಿ ಹಾಕುವವರಿಗೆ ಅಂತ ಎಲ್ಲರಿಗೂ ಗೊತ್ತಾಗುತ್ತದೆ. ನಮ್ಮ ಕಡೆ ಈ ಅಭ್ಯಾಸ ಸ್ವಲ್ಪ ಜಾಸ್ತಿ. ಮುಖಕ್ಕೆ ಹೇಳಲು ದಾಕ್ಷಿಣ್ಯ, ಬೇರೆ ಯಾರಿಗೋ ಹೇಳಿದ ಹಾಗೆ ಮಾಡಿ ಇವರಿಗೆ ತಾಗಿಸುವುದು. ಮದುವೆ ಮನೆಯಲ್ಲಿ ನಡೆಯುತ್ತದೆ, ಇಲ್ಲಿ ಬೇಡ. ಆವರಣ ಚಿಹ್ನೆ ಹಾಕಿ ನೇರವಾಗಿ ಕೇಳಿ: ‘ಉತ್ತರ ಯಾವಾಗ ಬರಬಹುದು?’

ಕಳಿಸಿ ಆದ ಮೇಲೆ ಯೋಚನೆಯನ್ನು ತಿದ್ದಬಹುದಾ?

ಎದುರಿನವರು ಉತ್ತರ ಬರೆಯುವ ಮೊದಲಾದರೆ ತಿದ್ದಿ. ವಾಟ್ಸಾಪಿನಲ್ಲಿ 15 ನಿಮಿಷ ಮಾತ್ರ ಅವಕಾಶ. ಅವರು ಬರೆದ ಮೇಲೆ ಹಿಂದಿನದನ್ನು ಮುಟ್ಟಬೇಡಿ, ಅವರ ಸಾಲು ಗಾಳಿಯಲ್ಲಿ ನೇತಾಡುತ್ತದೆ.

ಬೇರೆಯವರು ಹೀಗೆ ಬರೆದು ನನಗೆ ಬೇಜಾರಾದರೆ ಹೇಗೆ ಹೇಳಲಿ?

ಗುಂಪಿನಲ್ಲಿ ಬೇಡ, ಪ್ರತ್ಯೇಕವಾಗಿ. ಮೂರು ದಿನ ಕಾಯಬೇಡಿ, ಅಷ್ಟರಲ್ಲಿ ಮನಸ್ಸು ಹುಳಿಯಾಗಿರುತ್ತದೆ. ‘ನೀವು ಹೀಗೆ ಬರೆದದ್ದು ಸರಿಯಲ್ಲ’ ಅಂತ ಶುರು ಮಾಡಿದರೆ ಅವರು ಸಮರ್ಥನೆಗೆ ಇಳಿಯುತ್ತಾರೆ. ಕೆಲಸದ ಮಾತು ಆಡಿ. ‘ಅಣ್ಣ, ಲಲಿತಗೆ ಇದರಲ್ಲಿ ಹಿಡಿದುಕೊಳ್ಳಲು ಏನೂ ಸಿಗಲಿಲ್ಲ, ಸಂಜೀವ ಮುಖದಲ್ಲಾದರೂ ಸ್ವಲ್ಪ ತೋರಿಸಬಹುದಾ?’ ಇಷ್ಟು ಸಾಕು. ಜಾಸ್ತಿ ಜನ ಬೇಕು ಅಂತ ಮಾಡಿರುವುದಿಲ್ಲ. ಎದುರಿಗೆ ಓದುವವರು ಇದ್ದಾರೆ ಅನ್ನುವುದು ಬರೆಯುವ ಖುಷಿಯಲ್ಲಿ ಮರೆತು ಹೋಗಿರುತ್ತದೆ. ನನಗೆ ಮರೆತ ಹಾಗೆ.

ಎರಡು ಸಲ ಹೇಳಿದರೂ ಬದಲಾಗದಿದ್ದರೆ ಅವರ ಜೊತೆ ದೃಶ್ಯ ಕಡಿಮೆ ಮಾಡಿ. ಜಗಳ ಏನೂ ಬೇಕಾಗಿಲ್ಲ.

ಯೋಚನೆಯೇ ಇಲ್ಲದೆ ಬರೆಯಲು ಆಗುತ್ತದಾ? ನನಗೆ ಅಭ್ಯಾಸ ಬಿಡಲು ಆಗುತ್ತಿಲ್ಲ.

ಒಂದು ದೃಶ್ಯಕ್ಕೆ ಪ್ರಯತ್ನ ಮಾಡಿ ನೋಡಿ. ನಾವು ಒಮ್ಮೆ ಮಳೆಗಾಲದ ರಜೆಯ ದೃಶ್ಯ ಹಾಗೆ ಆಡಿದೆವು. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವ ಹಾಗಿಲ್ಲ. ಸಂಜೀವನಿಗೆ ದುಡಿಮೆ ಇಲ್ಲ, ಐಸ್ ಪ್ಲಾಂಟಿಗೂ ಕೆಲಸ ಇಲ್ಲ. ಬಂದರಿನ ಧಕ್ಕೆಯಲ್ಲಿ ಇಬ್ಬರೂ ನಿಂತಿದ್ದಾರೆ. ನಿಯಮ ಒಂದೇ, ‘ಅಂದುಕೊಂಡ’, ‘ಅನ್ನಿಸಿತು’ ಎರಡೂ ಬರಬಾರದು. ಅದರ ಬದಲು ಇಬ್ಬರ ಕೈಗೂ ಒಂದೊಂದು ವಸ್ತು ಕೊಟ್ಟೆವು. ಸಂಜೀವನಿಗೆ ಹರಿದ ಬಲೆ, ಲಲಿತಗೆ ಅದೇ ಲೆಕ್ಕದ ಪುಸ್ತಕ.

ಮೊದಲ ನಾಲ್ಕು ಪೋಸ್ಟು ಕೈಕಾಲು ಕಟ್ಟಿದ ಹಾಗಿತ್ತು. ಐದನೆಯದರಲ್ಲಿ ಲಲಿತ ಪುಸ್ತಕದ ಒಂದು ಹಾಳೆ ಹರಿದಳು. ಯಾವ ಹಾಳೆ ಅಂತ ಬರೆಯಲಿಲ್ಲ. ನಾನು ಎರಡು ದಿನ ಯೋಚಿಸಿ, “ಸಂಜೀವ ಬಲೆ ಕೆಳಗಿಟ್ಟ” ಅಂತ ಮಾತ್ರ ಬರೆದೆ.